ದಿನಾ ಕೆಟ್ಟ ರಸ್ತೆಯಲ್ಲಿ ಓಡಾಡುವವರು ಸ್ಪೋರ್ಟ್ಸ್ ಸಸ್ಪೆನ್ಶನ್ ಹಾಕಿಸುವ ಮುಂಚೆ ಇದನ್ನು ಓದಿ

ಶಾಕ್ ಅಬ್ಸಾರ್ಬರ್ ಹೋಗಿದೆ, ಹೇಗೂ ಬದಲಾಯಿಸಲೇಬೇಕು, ಹಾಗಾದರೆ ಸ್ಪೋರ್ಟ್ಸ್ ಕಿಟ್ಟನ್ನೇ ಹಾಕಿಸಿಬಿಡೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ನೀವು ದಿನಾ ಓಡಾಡುವ ದಾರಿ ತುಂಬ ಗುಂಡಿ, ತೇಪೆ, ಜಲ್ಲಿ ಎದ್ದ ಡಾಂಬರು ಇದ್ದರೆ ಆ ಕಿಟ್ಟು ನಿಮಗಲ್ಲ. ನನ್ನ ಕಾರಿಗೆ ಹಾಕಿ, ಮನೆಯವರೆಲ್ಲ ಅನುಭವಿಸಿ, ಕೊನೆಗೆ ತೆಗೆಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸಾಧಾರಣ ಹ್ಯಾಚ್‌ಬ್ಯಾಕ್. ಹಿಂದಿನ ಸೀಟಿನಲ್ಲಿ ಅಮ್ಮ ಕೂರುತ್ತಾರೆ, ಅವರಿಗೆ ಸೊಂಟ ನೋವು. ಮುಂದಿನ ಎರಡೂ ಶಾಕ್‌ಗಳಿಂದ ಎಣ್ಣೆ ಸೋರುತ್ತಿತ್ತು. ವರ್ಕ್‌ಶಾಪಿನಲ್ಲಿ ನಾನು ಕೇಳಿದ್ದು ಒಂದೇ: ರಸ್ತೆ ಕೆಟ್ಟದಾಗಿದೆ, ಅಮ್ಮನಿಗೆ ಕುಲುಕಾಟ ಆಗಬಾರದು. ಅದಕ್ಕೆ ಅವರು ತೋರಿಸಿದ್ದು ಕಾಯಿಲ್‌ಓವರ್ ಕಿಟ್ಟು, ಅಂದರೆ ಶಾಕ್, ಅದರ ಸುತ್ತ ಸ್ಪ್ರಿಂಗ್ ಎರಡೂ ಸೇರಿ ಬರುವ, ಕಾರನ್ನು ತಗ್ಗಿಸುವ ಸ್ಪೋರ್ಟ್ಸ್ ಕಿಟ್ಟು. "ಸರ್, ಇದರಲ್ಲಿ ನಾಬ್ ಇದೆ ನೋಡಿ. ಈ ಕಡೆ ತಿರುಗಿಸಿದ್ರೆ ಸ್ಪೋರ್ಟ್ಸ್, ಆ ಕಡೆ ತಿರುಗಿಸಿದ್ರೆ ಕಂಫರ್ಟ್. ಕಂಪನಿ ಶಾಕ್‌ಗಿಂತ ಮೆತ್ತಗೆ ಮಾಡ್ಕೋಬಹುದು" ಅಂದರು. ಈ ಮಾತು ಸುಳ್ಳು. ಯಾಕೆ ಸುಳ್ಳು ಅನ್ನೋದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ನಿಮಗೂ ಇದೇ ಮಾತನ್ನೇ ಹೇಳುತ್ತಾರೆ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಮಾಡುವುದು ಬೇರೆ ಕೆಲಸ. ಸ್ಪ್ರಿಂಗ್ ಅದುಮಿದ ಮೇಲೆ ಸುಮ್ನೆ ಬಿಟ್ಟರೆ ಕಾರು ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ಎಣ್ಣೆಯ ಒತ್ತಡದಿಂದ ಹಿಡಿದು ನಿಲ್ಲಿಸುವುದು ಶಾಕ್. ನಾಬ್ ತಿರುಗಿಸಿದಾಗ ಬದಲಾಗುವುದು ಶಾಕ್‌ನೊಳಗೆ ಎಣ್ಣೆ ಹರಿಯುವ ದಾರಿ ಅಷ್ಟೇ. ಸ್ಪ್ರಿಂಗ್ ಎಷ್ಟು ಗಟ್ಟಿ ಇತ್ತೋ ಅಷ್ಟೇ ಗಟ್ಟಿ ಇರುತ್ತದೆ. ನನ್ನ ಕಿಟ್ಟಿನ ಮುಂದಿನ ಸ್ಪ್ರಿಂಗ್ ಮೇಲೆ 6 ಕೆಜಿ ಅಂತ ಬರೆದಿತ್ತು. ಅಂದರೆ ಅದನ್ನು ಒಂದು ಮಿಲಿಮೀಟರ್ ಅದುಮಲು 6 ಕಿಲೋ ಭಾರ ಬೇಕು. ಇಂಥ ಸಣ್ಣ ಕಾರುಗಳಿಗೆ ಕಂಪನಿ ಹಾಕುವ ಮುಂದಿನ ಸ್ಪ್ರಿಂಗ್ ಸಾಮಾನ್ಯವಾಗಿ 2ರಿಂದ 3 ಕಿಲೋ ಆಸುಪಾಸಿನದು. ಎರಡು ಪಟ್ಟು ಗಟ್ಟಿ ಸ್ಪ್ರಿಂಗನ್ನು ಯಾವ ನಾಬ್ ಮೆತ್ತಗೆ ಮಾಡುತ್ತದೆ ಹೇಳಿ?

ಫಿಟ್ ಮಾಡಿ ಟ್ರಯಲ್‌ಗೆ ಕರೆದುಕೊಂಡು ಹೋಗಿದ್ದು ನುಣ್ಣನೆಯ ಹೆದ್ದಾರಿಗೆ. ಅಲ್ಲಿ ಕಾರು ನಿಜಕ್ಕೂ ಚೆನ್ನಾಗಿತ್ತು. ತಿರುವಿನಲ್ಲಿ ವಾಲಲಿಲ್ಲ, ಬ್ರೇಕ್ ಹಾಕಿದಾಗ ಮೂತಿ ಮುಗ್ಗರಿಸಲಿಲ್ಲ, ಸ್ಟೀರಿಂಗ್ ಹೇಳಿದಂತೆ ಕೇಳುತ್ತಿತ್ತು. ಅದಕ್ಕೇ ಹೇಳುತ್ತೇನೆ, ಯಾರೇ ಟ್ರಯಲ್ ಕೊಡಲಿ, ನಿಮ್ಮ ದಾರಿಯಲ್ಲಿ ಇರುವುದರಲ್ಲೇ ಅತಿ ಕೆಟ್ಟ ತುಂಡಿಗೆ ಕರೆದುಕೊಂಡು ಹೋಗಿ. ನಿಧಾನಕ್ಕೆ, ಎರಡನೇ ಗೇರಿನಲ್ಲಿ ಓಡಿಸಿ. ನಿಜ ಗೊತ್ತಾಗುವುದು ಅಲ್ಲೇ.

ಮನೆ ಕಡೆಯ ರಸ್ತೆಗೆ ಬಂದಾಗ ನನಗೆ ಗೊತ್ತಾಯಿತು. ಮೊದಲ ಗುಂಡಿಗೇ ಧಡ್ ಅಂತ ಶಬ್ದ. ಕಬ್ಬಿಣಕ್ಕೆ ಸುತ್ತಿಗೆ ಬಿದ್ದ ಹಾಗೆ. ಅಮ್ಮ ಮುಂದಿನ ಸೀಟಿನ ತಲೆದಿಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಣ್ಣ ತೇಪೆಗಳ ಮೇಲೆ ಹೋದರೂ ಡ್ಯಾಶ್‌ಬೋರ್ಡ್ ಕಟಕಟ ಅನ್ನುತ್ತಿತ್ತು. ಮಾರನೇ ದಿನವೇ ವಾಪಸ್ ಹೋದೆ. ನಾಬ್ ಪೂರ್ತಿ ಮೆತ್ತಗೆ ಮಾಡಿಕೊಟ್ಟರು. ಆಗ ಇನ್ನೊಂದು ಕಾಟ ಶುರುವಾಯಿತು. ಗಟ್ಟಿ ಸ್ಪ್ರಿಂಗನ್ನು ಹಿಡಿಯುವ ಶಕ್ತಿ ಶಾಕ್‌ಗೆ ಉಳಿಯಲಿಲ್ಲ. ಒಂದು ಹಂಪು ದಾಟಿದರೆ ಕಾರು ತೂಗಾಡುತ್ತಲೇ ಮುಂದಕ್ಕೆ ಹೋಗುತ್ತಿತ್ತು. ಅಮ್ಮನಿಗೆ ವಾಕರಿಕೆ. ಮತ್ತೆ ಬಿಗಿ ಮಾಡಿಸಿದರೆ ಸಾಲು ಸಾಲು ಗುಂಡಿಗಳ ಮೇಲೆ ಇನ್ನೂ ಕೆಟ್ಟದಾಯಿತು. ಶಾಕ್ ಅತಿಯಾಗಿ ಬಿಗಿ ಇದ್ದರೆ ಒಂದು ಗುಂಡಿಗೆ ಅದುಮಿದ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಕಾರು ಹಂತ ಹಂತವಾಗಿ ಕೆಳಗೆ ಕೂರುತ್ತಾ ಹೋಗುತ್ತದೆ, ಆಮೇಲೆ ಪ್ರತಿ ಏಟೂ ನೇರ ಕಾರಿನ ಮೈಗೆ.

"ಸ್ವಲ್ಪ ಓಡ್ಲಿ ಸರ್, ಸೆಟ್ ಆಗುತ್ತೆ" ಅಂದರು. ಹೊಸ ಸ್ಪ್ರಿಂಗ್ ಕೆಲವು ಮಿಲಿಮೀಟರ್ ಕೂರುವುದು ನಿಜ. ಆದರೆ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆಯೇ ಹೊರತು ಸ್ಪ್ರಿಂಗ್ ಮೆತ್ತಗಾಗುವುದಿಲ್ಲ. ಸೆಟ್ ಆಗುತ್ತೆ ಅಂತ ಕಾಯುತ್ತಾ ಕೂರಬೇಡಿ ದಯವಿಟ್ಟು.

ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರು ಎತ್ತಿ, ಚಕ್ರ ಬಿಚ್ಚಿ, ಧೂಳಿನ ಕವರ್ ಸರಿಸಿ ಟಾರ್ಚ್ ಹಿಡಿದರು. ಶಾಕ್‌ನ ರಾಡ್ ಸುತ್ತ ಇರಬೇಕಾಗಿದ್ದ ಬಂಪ್ ಸ್ಟಾಪ್, ಆ ಹಳದಿ ಫೋಮ್ ಬಿಲ್ಲೆ, ಪುಡಿಪುಡಿಯಾಗಿ ಕೆಳಗೆ ಬಿದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಉದುರುತ್ತಿತ್ತು. ಚಕ್ರ ಪೂರ್ತಿ ಮೇಲಕ್ಕೆ ಹೋದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ತಡೆಯಲು ಇರುವ ಕೊನೆಯ ಮೆತ್ತೆ ಅದು. ಅಪರೂಪಕ್ಕೆ ಕೆಲಸಕ್ಕೆ ಬರಬೇಕಾದದ್ದು. ನನ್ನ ಕಾರಿನಲ್ಲಿ ಅದು ಪ್ರತಿ ಗುಂಡಿಗೂ ಏಟು ತಿಂದಿತ್ತು.

ಇಲ್ಲೇ ವಿಷಯದ ತಿರುಳಿದೆ. ಕೆಟ್ಟ ರಸ್ತೆಯಲ್ಲಿ ಆರಾಮ ಕೊಡುವುದು ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ. ಗುಂಡಿ ಅಂಚು ಬಂದಾಗ ಚಕ್ರ ಮೇಲಕ್ಕೆ ಸರಿಯಬೇಕು, ಬಾಡಿ ಇದ್ದಲ್ಲೇ ಇರಬೇಕು. ಆ ಜಾಗ 80 ಮಿಲಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಕಾರನ್ನು 40 ಮಿಲಿಮೀಟರ್ ಇಳಿಸಿದರೆ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ಬಡಿಯದ ಹಾಗೆ ನೋಡಿಕೊಳ್ಳಲು ಸ್ಪ್ರಿಂಗನ್ನು ಗಟ್ಟಿ ಮಾಡಲೇಬೇಕು, ಬೇರೆ ದಾರಿಯೇ ಇಲ್ಲ. ಹಾಗಾಗಿ ತಗ್ಗಿಸಿದ ಕಾರು ಮೆತ್ತಗೂ ಇರುತ್ತದೆ ಅನ್ನುವವರನ್ನು ನಂಬಬೇಡಿ.

"ರ‍್ಯಾಲಿ ಕಾರುಗಳೂ ಕಾಯಿಲ್‌ಓವರ್ ಮೇಲೇ ಓಡೋದು" ಅನ್ನುವ ವಾದವನ್ನೂ ಕೇಳಿದ್ದೇನೆ. ಹೌದು, ಓಡುತ್ತವೆ. ಆದರೆ ಮಣ್ಣಿನ ರಸ್ತೆಯ ರ‍್ಯಾಲಿ ಕಾರಿನ ಚಕ್ರಕ್ಕೆ ಆಡಲು ಒಟ್ಟು 250 ಮಿಲಿಮೀಟರ್ ಆಸುಪಾಸು ಜಾಗ ಕೊಟ್ಟಿರುತ್ತಾರೆ, ಕಾರು ಎತ್ತರಕ್ಕೆ ನಿಂತಿರುತ್ತದೆ. 1948ರಲ್ಲಿ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಬಂದ ಸಿತ್ರೋಎನ್ 2ಸಿವಿ ಕಾರನ್ನು ನೋಡಿ. ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಹೋದರೂ ಒಂದೂ ಒಡೆಯಬಾರದು ಅನ್ನೋದು ಅದನ್ನು ಮಾಡಿದವರ ಗುರಿ. ಅವರು ಮಾಡಿದ್ದು ಮೆತ್ತನೆ ಸ್ಪ್ರಿಂಗು, ಚಕ್ರಕ್ಕೆ ಧಾರಾಳ ಜಾಗ. ತಿರುವಿನಲ್ಲಿ ಆ ಕಾರು ಸಿಕ್ಕಾಪಟ್ಟೆ ವಾಲುತ್ತದೆ, ನಿಜ. ಆದರೆ ಕೆಟ್ಟ ದಾರಿಗೆ ಬೇಕಾದದ್ದು ಅದೇ.

ಅದೇ ಮೆಕ್ಯಾನಿಕ್ ಮುಂದಿನ ಟೈರ್‌ಗಳನ್ನೂ ತೋರಿಸಿದರು. ಹೊರಗಡೆ ಗೀರುಗಳು ಚೆನ್ನಾಗಿದ್ದವು. ಒಳ ಅಂಚಿನ ಮೇಲೆ ಕೈಯಾಡಿಸಿದರೆ ಬೋಳು. ಕಾರು ತಗ್ಗಿದಾಗ ಚಕ್ರದ ಕ್ಯಾಂಬರ್ (ಮೇಲ್ತುದಿ ಎಷ್ಟು ಒಳಗೆ ಹೊರಗೆ ವಾಲಿದೆ), ಟೋ (ಮುಂಭಾಗ ಎಷ್ಟು ಒಳಗೆ ಹೊರಗೆ ತಿರುಗಿದೆ) ಎರಡೂ ಬದಲಾಗುತ್ತವೆ. ಎತ್ತರ ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಲೇಬೇಕು, ವರ್ಕ್‌ಶಾಪಿನವರು ಮಾಡಿರಲಿಲ್ಲ. ಹೆಡ್‌ಲೈಟ್ ಕೂಡ ಸರಿ ಮಾಡಿರಲಿಲ್ಲ. ಲೇನ್ ನೋಡುವ ಕ್ಯಾಮೆರಾ ಇರುವ ಕಾರುಗಳಲ್ಲಿ ಅದನ್ನೂ ಮತ್ತೆ ಹೊಂದಿಸಬೇಕಾಗಬಹುದು. ಇನ್ನು ಕಿಟ್ಟಿನ ಟಾಪ್ ಮೌಂಟ್‌ನಲ್ಲಿ, ಅಂದರೆ ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಕೂಡಿಸುವ ಭಾಗದಲ್ಲಿ, ರಬ್ಬರ್ ಬದಲು ಲೋಹದ ಬೇರಿಂಗ್ ಇತ್ತು. ರೇಸ್ ಟ್ರ್ಯಾಕಿಗೆ ಅದು ಸರಿ. ಧೂಳು, ನೀರು ಕುಡಿದ ಮೇಲೆ ಸ್ಟೀರಿಂಗ್ ತಿರುಗಿಸಿದಾಗೆಲ್ಲ ಟಕ್ ಟಕ್ ಅನ್ನುತ್ತಿತ್ತು.

ಈ ಮಾತು ಹೊರಗಿನ ಕಿಟ್ಟುಗಳಿಗೆ ಮಾತ್ರ ಅಲ್ಲ. ಹೊಸ ಕಾರು ತಗೊಳ್ಳುವಾಗ ಸ್ಪೋರ್ಟ್ ವೇರಿಯಂಟ್ ಅಂತ ಗಟ್ಟಿ ಸ್ಪ್ರಿಂಗ್ ಜೊತೆ ದೊಡ್ಡ ಚಕ್ರವನ್ನೂ ಕೊಡುತ್ತಾರೆ. 185/65 ಆರ್15 ಟೈರಿನ ಪಕ್ಕದ ಗೋಡೆ ಸುಮಾರು 120 ಮಿಲಿಮೀಟರ್. ಚಕ್ರದ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುವ 205/45 ಆರ್17 ಟೈರಿನಲ್ಲಿ ಅದು 92ಕ್ಕೆ ಇಳಿಯುತ್ತದೆ. ಗುಂಡಿಯ ಚೂಪು ಅಂಚನ್ನು ಮೊದಲು ನುಂಗುವುದು ಟೈರಿನ ಆ ಗೋಡೆ ತಾನೇ? ಅದು ತೆಳುವಾದಷ್ಟೂ ಏಟು ಒಳಗೆ ಬರುತ್ತದೆ, ರಿಮ್ ಬಾಗುತ್ತದೆ. ಕೆಟ್ಟ ರಸ್ತೆಗೆ ಸಣ್ಣ ಚಕ್ರ, ದಪ್ಪ ಗೋಡೆಯ ಟೈರೇ ವಾಸಿ.

ನಾನೀಗ ಕಂಪನಿ ಸ್ಪ್ರಿಂಗ್, ಕಂಪನಿ ಅಳತೆಯದೇ ಹೊಸ ಶಾಕ್, ಹೊಸ ಬಂಪ್ ಸ್ಟಾಪ್, ಹೊಸ ರಬ್ಬರ್ ಟಾಪ್ ಮೌಂಟ್, ಲೋವರ್ ಆರ್ಮ್ ಬುಶ್ (ಚಕ್ರ ಹಿಡಿದಿರುವ ಕೆಳಗಿನ ತೋಳಿನ ರಬ್ಬರ್) ಹಾಕಿಸಿದ್ದೇನೆ. ಅಮ್ಮ ಆರಾಮಾಗಿ ಕೂರುತ್ತಾರೆ. ಎಷ್ಟೋ ಕಾರುಗಳು ಕುಲುಕುವುದು ಈ ಸಾಮಾನುಗಳು ಸವೆದಿರುವುದರಿಂದಲೇ, ಅದಕ್ಕೆ ಸ್ಪೋರ್ಟ್ಸ್ ಕಿಟ್ಟು ಮದ್ದಲ್ಲ. ಆದರೂ ಕಿಟ್ಟೇ ಬೇಕು ಅನ್ನುವವರು ಮೂರು ಅಂಕಿಗಳನ್ನು ಬರೆಸಿಕೊಳ್ಳಿ: ಸ್ಪ್ರಿಂಗ್ ಎಷ್ಟು ಗಟ್ಟಿ, ಕಾರು ಎಷ್ಟು ತಗ್ಗುತ್ತದೆ, ಬಂಪ್ ಸ್ಟಾಪ್ ಮುಟ್ಟುವ ಮುಂಚೆ ಚಕ್ರಕ್ಕೆ ಎಷ್ಟು ಜಾಗ ಉಳಿಯುತ್ತದೆ. ಹೇಳಲು ಬರದವರ ಹತ್ತಿರ ಹಾಕಿಸಬೇಡಿ. ಹಾಕಿಸಿದ ಮೇಲೆ ಶಾಕ್‌ನ ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿಸಿ. ದಿನದ ದಾರಿ ಓಡಿಸಿ ಬಂದು ನೋಡಿದರೆ ಅದು ಎಲ್ಲಿಯವರೆಗೆ ಸರಿದಿದೆ ಅಂತ ಕಾಣುತ್ತದೆ. ಬಂಪ್ ಸ್ಟಾಪಿನವರೆಗೆ ಹೋಗಿದ್ದರೆ ಅವತ್ತೇ ವಾಪಸ್ ಕೊಡಿ. ವಾರಂಟಿ, ಇನ್ಶೂರೆನ್ಸ್ ಕೊಟ್ಟವರನ್ನೂ ಮೊದಲೇ ಕೇಳಿಕೊಳ್ಳಿ.

ಮತ್ತೆ, ಬಿಚ್ಚಿದ ಹಳೆ ಸ್ಪ್ರಿಂಗ್, ಸ್ಪ್ರಿಂಗ್ ತಟ್ಟೆ, ಬೋಲ್ಟು ಎಲ್ಲವನ್ನೂ ಕೇಳಿ ಮನೆಗೆ ತನ್ನಿ. ಸ್ಪ್ರಿಂಗ್ ಅಷ್ಟು ಬೇಗ ಹಾಳಾಗುವ ಸಾಮಾನಲ್ಲ. ನನ್ನವನ್ನು ಅವರು ಕೇಳದೆಯೇ ಗುಜರಿಗೆ ಹಾಕಿದ್ದರು, ನಾಲ್ಕನ್ನೂ ಹೊಸದಾಗಿ ಕೊಳ್ಳಬೇಕಾಯಿತು.