ರಾಟರ್‌ಡ್ಯಾಮ್‌ನ ಕಟ್ಟಡಗಳ ಸಿನಿಮಾ ಹಬ್ಬ: ಎರಡು ದಿನ ಇಟ್ಟುಕೊಂಡು ಹೋಗಿ

ನೆದರ್ಲೆಂಡ್ಸ್‌ನಲ್ಲಿರೋ ಕನ್ನಡದವರಿಗೆ, ಅದರಲ್ಲೂ ಐಂಡ್‌ಹೋವನ್, ಆಮ್‌ಸ್ಟೆಲ್‌ವೀನ್ ಕಡೆ ಇರೋರಿಗೆ ಇದನ್ನು ಬರೀತಾ ಇದ್ದೀನಿ. ರಾಟರ್‌ಡ್ಯಾಮ್‌ನಲ್ಲಿ ಅಕ್ಟೋಬರ್‌ನಲ್ಲಿ ಆರ್ಕಿಟೆಕ್ಚರ್ ಫಿಲ್ಮ್ ಫೆಸ್ಟಿವಲ್ ನಡೆಯುತ್ತೆ. ಚಿಕ್ಕದಾಗಿ ಎಎಫ್‌ಎಫ್‌ಆರ್ ಅಂತಾರೆ. 2000ದಲ್ಲಿ ಶುರುವಾಗಿದ್ದು. ಕಟ್ಟಡ, ಊರು, ಬೀದಿ, ಮನೆ ಇವುಗಳ ಬಗ್ಗೆ ಮಾತ್ರ ಸಿನಿಮಾ. ಹೆಸರು ಕೇಳಿದ ತಕ್ಷಣ ಇದು ಆರ್ಕಿಟೆಕ್ಟ್‌ಗಳಿಗೆ, ನಮಗಲ್ಲ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿ ಎರಡು ವರ್ಷ ಹೋಗಿರಲಿಲ್ಲ. ಹೋದ ಮೇಲೆ ಗೊತ್ತಾಯ್ತು, ಬಾಡಿಗೆ ಮನೆಯಲ್ಲಿ ಒಂದು ದಿನವಾದರೂ ಇದ್ದವರಿಗೆಲ್ಲ ಇದು ಸಂಬಂಧಪಟ್ಟದ್ದೇ.

ನಮ್ಮಪ್ಪ ಅರಸೀಕೆರೆಯಲ್ಲಿ ಗಾರೆ ಮೇಸ್ತ್ರಿ. ಕರಣೆ, ರಸಮಟ್ಟ, ತೂಕದ ಗುಂಡು ಇವುಗಳ ಮಧ್ಯೆ ಬೆಳೆದವನು ನಾನು. ಈಗ ಮಾಡೋದು ಸಾಫ್ಟ್‌ವೇರ್ ಕೆಲಸವಾದರೂ ಯಾವ ಊರಿಗೆ ಹೋದರೂ ಮೊದಲು ಕಣ್ಣು ಹೋಗೋದು ಗೋಡೆಯ ಮೂಲೆಗೆ, ಸಜ್ಜಕ್ಕೆ, ಮಳೆ ನೀರು ಇಳಿಯೋ ಪೈಪಿಗೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆ ಕಡೆಯ ಒಲವು ಸ್ವಲ್ಪ ಜಾಸ್ತಿ ಇರುತ್ತೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಸಿನಿಮಾ ನೋಡೋ ಮುಂಚೆ ಊರಲ್ಲಿ ಸ್ವಲ್ಪ ನಡೆಯಬೇಕು. ಇದು ನನ್ನ ಗಟ್ಟಿ ಸಲಹೆ. ಸೆಂಟ್ರಲ್ ಸ್ಟೇಷನ್‌ನಿಂದ ಮೆಟ್ರೋ ಹತ್ತಿ ನೇರ ವಿಲ್ಹೆಲ್ಮಿನಾಪ್ಲೇನ್‌ಗೆ ಹೋಗಬಹುದು, ಆದರೆ ಒಂದು ಸ್ಟಾಪ್ ಮುಂಚೆ ಲ್ಯೂವೆಹಾವನ್‌ನಲ್ಲೇ ಇಳಿಯಿರಿ. ಅಲ್ಲಿ ನೀರಿನ ಪಕ್ಕದಲ್ಲಿ ಝಾಡ್‌ಕಿನ್ ಮಾಡಿದ ಕಂಚಿನ ಪ್ರತಿಮೆ ಇದೆ, 1953ರದ್ದು. ಆಕಾಶಕ್ಕೆ ಕೈ ಎತ್ತಿ ನಿಂತಿರೋ ಮನುಷ್ಯ, ಎದೆ ಇರಬೇಕಾದ ಜಾಗದಲ್ಲಿ ದೊಡ್ಡ ತೂತು. 1940ರ ಮೇ 14ರಂದು ಜರ್ಮನ್ ವಿಮಾನಗಳು ಹದಿನೈದು ನಿಮಿಷದ ಆಸುಪಾಸಿನಲ್ಲಿ ಈ ಊರಿನ ನಡುಭಾಗವನ್ನೇ ಇಲ್ಲವಾಗಿಸಿದವು. ಬಾಂಬಿಗಿಂತ ಆಮೇಲೆ ಹಬ್ಬಿದ ಬೆಂಕಿ ಜಾಸ್ತಿ ಸುಟ್ಟಿತು. ಸುಮಾರು 80,000 ಜನ ಮನೆ ಕಳೆದುಕೊಂಡರು. ಬೆಂಕಿ ಎಲ್ಲಿಗೆ ನಿಂತಿತೋ ಆ ಗಡಿಯನ್ನು ಇವತ್ತಿಗೂ ಫುಟ್‌ಪಾತ್‌ನಲ್ಲಿ ಪುಟ್ಟ ದೀಪಗಳನ್ನು ಹೂತು ತೋರಿಸಿದ್ದಾರೆ. ಅದನ್ನು ನೋಡಿದ ಮೇಲೆ ಈ ಊರಿನ ಕಟ್ಟಡಗಳು ಯಾಕೆ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ, ಇಷ್ಟು ಹೊಸದಾಗಿ ನಿಂತಿವೆ ಅನ್ನೋ ಪ್ರಶ್ನೆಗೆ ಉತ್ತರ ಸಿಗುತ್ತೆ. ಆಮ್‌ಸ್ಟರ್‌ಡ್ಯಾಮ್‌ನಂಥ ಹಳೇ ಚಂದ ಇಲ್ಲಿಲ್ಲ. ಎಲ್ಲವನ್ನೂ ಮತ್ತೆ ಕಟ್ಟಬೇಕಾಗಿ ಬಂದ ಊರು ಇದು. ಕಟ್ಟಡಗಳ ಸಿನಿಮಾ ಹಬ್ಬ ಇಲ್ಲಿ ನಡೆಯೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಅಲ್ಲಿಂದ ಎರಾಸ್ಮಸ್ ಸೇತುವೆ ದಾಟಿದರೆ ವಿಲ್ಹೆಲ್ಮಿನಾಪಿಯರ್. ಗಾಳಿ ಜೋರು, ಜಾಕೆಟ್ ಬೇಕೇ ಬೇಕು. ಹಿಂದೆ ಅಮೆರಿಕಕ್ಕೆ ಹಡಗು ಹೊರಡ್ತಾ ಇದ್ದ ಹಡಗುಕಟ್ಟೆ ಅದು. ಹಡಗು ಕಂಪನಿಯ ಹಳೇ ಆಫೀಸು ಈಗ ಹೋಟೆಲ್ ನ್ಯೂಯಾರ್ಕ್. ಹಬ್ಬ ನಡೆಯೋದು ಲಾಂಟಾರೆನ್‌ವೆನ್‌ಸ್ಟರ್ ಅನ್ನೋ ಥಿಯೇಟರ್‌ನಲ್ಲಿ. ಅದಿರೋದು ನ್ಯೂ ಆರ್ಲಿಯನ್ಸ್ ಅನ್ನೋ ಎತ್ತರದ ಕಟ್ಟಡದ ಬುಡದಲ್ಲಿ, ಪೋರ್ಚುಗಲ್‌ನ ಆಲ್ವರೋ ಸೀಜಾ ವಿನ್ಯಾಸ ಮಾಡಿದ್ದು, 2010ರದ್ದು. ಸ್ವಲ್ಪ ಆಚೆ 2013ರಲ್ಲಿ ಮುಗಿದ ಡಿ ರಾಟರ್‌ಡ್ಯಾಮ್ ಅನ್ನೋ ಕಟ್ಟಡ, ಆರ್ಕಿಟೆಕ್ಟ್ ರೆಮ್ ಕೂಲ್‌ಹಾಸ್ ಅವರ ಸಂಸ್ಥೆಯದ್ದು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಇಟ್ಟ ಹಾಗೆ ಕಾಣುತ್ತೆ. ಕೂಲ್‌ಹಾಸ್ ಹುಟ್ಟಿದ್ದೂ ಇದೇ ಊರಲ್ಲಿ, 1944ರಲ್ಲಿ. ಕತ್ತಲೆ ಹಾಲ್‌ನಲ್ಲಿ ಕಟ್ಟಡ ನೋಡಿ, ಬಾಗಿಲು ತಳ್ಳಿ ಹೊರಗೆ ಬಂದರೆ ಎದುರಿಗೇ ಕಟ್ಟಡ. ಈ ಹಬ್ಬದ ದೊಡ್ಡ ಸುಖ ಅಂದ್ರೆ ನನಗೆ ಇದೇ. ಪರದೆ ಮೇಲೆ ಕಂಡದ್ದನ್ನು ಕೂಡಲೇ ಕಣ್ಣಿನಿಂದ ಪರೀಕ್ಷೆ ಮಾಡಿಕೊಳ್ಳಬಹುದು.

ಸಿನಿಮಾಗಳ ವಿಷಯಕ್ಕೆ ಬರ್ತೀನಿ. ಎರಡು ದಿನದಲ್ಲಿ ಐದು ನೋಡಿದೆ. ಈ ಬಗೆಯ ಸಿನಿಮಾಗಳಲ್ಲಿ ನನ್ನ ಲೆಕ್ಕದಲ್ಲಿ ಎರಡು ಜಾತಿ. ಒಂದರಲ್ಲಿ ದೊಡ್ಡ ಹೆಸರಿನ ಆರ್ಕಿಟೆಕ್ಟ್ ಕಿಟಕಿ ಪಕ್ಕ ಕೂತು ಬೆಳಕಿನ ಬಗ್ಗೆ ಮಾತಾಡ್ತಾರೆ, ಡ್ರೋನ್ ನಿಧಾನಕ್ಕೆ ಮೇಲೇಳುತ್ತೆ, ಪಿಯಾನೋ ಕೇಳಿಸುತ್ತೆ, ಕಟ್ಟಡದಲ್ಲಿ ಒಬ್ಬ ಮನುಷ್ಯನೂ ಇರೋದಿಲ್ಲ. ನೋಡೋಕೆ ಚಂದ. ಆದರೆ ಮನೆಗೆ ಬರೋ ಹೊತ್ತಿಗೆ ಮರೆತೇಹೋಗುತ್ತೆ. ಇನ್ನೊಂದರಲ್ಲಿ ಕಟ್ಟಡದೊಳಗೆ ಬದುಕೋರು ಮಾತಾಡ್ತಾರೆ. ಲಿಫ್ಟ್ ಕೆಟ್ಟದ್ದು, ಬಟ್ಟೆ ಒಣಹಾಕೋಕೆ ಜಾಗ ಇಲ್ಲದ್ದು, ಪಕ್ಕದ ಮನೆಯವರು ಖಾಲಿ ಮಾಡಿ ಹೋದದ್ದು. ನಾನು ಎರಡನೇ ಜಾತಿಯ ಸಿನಿಮಾಗಳ ಕಟ್ಟಾ ಪಕ್ಷಪಾತಿ.

ಅದಕ್ಕೆ ಕಾರಣ ಹೋಗೋ ಮುಂಚೆ ಮನೆಯಲ್ಲೇ ನೋಡಿದ ಒಂದು ಸಿನಿಮಾ, ‘ಕೂಲ್‌ಹಾಸ್ ಹೌಸ್‌ಲೈಫ್’. 2008ರದ್ದು, ಇಲಾ ಬೆಕಾ ಮತ್ತು ಲೂಯಿಸ್ ಲೆಮ್ವಾನ್ ಅನ್ನೋ ಜೋಡಿ ಮಾಡಿದ್ದು. ಫ್ರಾನ್ಸ್‌ನ ಬೋರ್ದೋ ಹತ್ತಿರ ಕೂಲ್‌ಹಾಸ್ ಕಟ್ಟಿದ ಹೆಸರುವಾಸಿ ಮನೆ, 1998ರಲ್ಲಿ ಮುಗಿದದ್ದು. ಮನೆ ಯಜಮಾನರು ಗಾಲಿಕುರ್ಚಿಯಲ್ಲಿದ್ದವರು. ಅವರಿಗಾಗಿ ಒಂದು ಕೋಣೆಯಷ್ಟು ದೊಡ್ಡ ಲಿಫ್ಟ್ ಮೂರೂ ಅಂತಸ್ತಿಗೆ ಹೋಗಿ ಬರುತ್ತೆ. ಸಿನಿಮಾದಲ್ಲಿ ಆ ಮನೆಯನ್ನು ನಮಗೆ ತೋರಿಸೋದು ಯಾವ ಪರಿಣತರೂ ಅಲ್ಲ. ಗ್ವಾದಲೂಪೆ ಅನ್ನೋ ಮನೆಕೆಲಸದಾಕೆ. ಬಕೆಟ್ಟು, ವ್ಯಾಕ್ಯೂಮ್ ಕ್ಲೀನರ್ ಹಿಡಿದುಕೊಂಡು ಆ ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತೋದನ್ನು ನೋಡಿದರೆ ಮೆಟ್ಟಿಲು ಅಂದ್ರೆ ಏನು ಅನ್ನೋದು ಹೊಸದಾಗಿ ಅರ್ಥವಾಗುತ್ತೆ. ಮನೆ ಸೋರುತ್ತೆ ಕೂಡ. ಅಪ್ಪನಿಗೆ ಫೋನ್‌ನಲ್ಲಿ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, ‘ಮೋಲ್ಡ್ ಹಾಕಿದ ಮೇಲೆ ನೀರು ಕಟ್ಟಿ ನೋಡಲಿಲ್ವಾ?’

ಇನ್ನೊಂದು ಕೊರತೆ ಹೇಳಲೇಬೇಕು. ಇದು ಒಂದು ಹಬ್ಬದ ತಪ್ಪಲ್ಲ, ಈ ಬಗೆಯ ಸಿನಿಮಾ ಮಾಡೋರೆಲ್ಲರದ್ದು. ನಾನು ನೋಡಿದ ಐದರಲ್ಲಿ ಒಂದರಲ್ಲೂ ಗೋಡೆ ಕಟ್ಟಿದವರು ಮಾತಾಡಲಿಲ್ಲ. ಆರ್ಕಿಟೆಕ್ಟ್ ಇದ್ದರು, ಮೇಯರ್ ಇದ್ದರು, ಬಾಡಿಗೆದಾರರಿದ್ದರು. ಕಾಂಕ್ರೀಟ್ ಸುರಿದವರು ಎರಡು ಸೆಕೆಂಡ್ ಹೆಲ್ಮೆಟ್ಟಿನಲ್ಲಿ ಕಂಡು ಮಾಯವಾದರು. ನಮ್ಮಲ್ಲಿ ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ ವಿನ್ಯಾಸ ಮಾಡಿದ ಬೆಂಗಳೂರಿನ ಐಐಎಂ ಇದೆಯಲ್ಲ, ಬನ್ನೇರುಘಟ್ಟ ರಸ್ತೆಯದ್ದು, ಆ ಕಲ್ಲಿನ ಗೋಡೆಗಳ ಬಗ್ಗೆ, ಬಿಸಿಲು ಸೋಸಿ ಬೀಳೋ ಆ ಓಣಿಗಳ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಆ ಕಲ್ಲನ್ನು ಒಡೆದು, ಹೊತ್ತು, ಜೋಡಿಸಿದವರ ಬಾಯಿಂದ ಕೇಳೋ ಸಿನಿಮಾ ಒಂದು ಬಂದರೆ ನಾನು ಮೊದಲ ಸಾಲಿನಲ್ಲಿ ಕೂತು ನೋಡ್ತೀನಿ.

ಸಿನಿಮಾ ಆದ ಮೇಲೆ ನಡೆಯೋ ಮಾತುಕತೆ ಬಿಟ್ಟು ಓಡಬೇಡಿ. ಪ್ರಶ್ನೆ ಕೇಳೋರು ಬರೀ ವೃತ್ತಿಯವರಲ್ಲ, ಊರಿನವರೂ ಇರ್ತಾರೆ. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಕಾಫಿ ಕುಡೀತಾ ತಮ್ಮಮ್ಮ 1940ರಲ್ಲಿ ಮನೆ ಬಿಟ್ಟು ಓಡುವಾಗ ಹೊಲಿಗೆ ಯಂತ್ರವನ್ನು ಮಗುವಿನ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಹೋದದ್ದನ್ನು ಹೇಳಿದರು. ಆ ಅರ್ಧ ಗಂಟೆ ನನಗೆ ಒಂದು ಸಿನಿಮಾಕ್ಕೆ ಸಮ ಆಯ್ತು.

ಉಳಿದ ವಿಷಯ ಬೇಗ ಹೇಳ್ತೀನಿ. ಬುಕ್ ಮಾಡೋ ಮುಂಚೆ ಸಬ್‌ಟೈಟಲ್ ಇಂಗ್ಲಿಷಾ ಡಚ್ಚಾ ಅಂತ ನೋಡಿಕೊಳ್ಳಿ, ಮಾತುಕತೆ ಯಾವ ಭಾಷೆಯಲ್ಲಿ ಅನ್ನೋದನ್ನೂ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಸಿನಿಮಾ ಬೇಡ, ತಲೆ ಕಲಸಿಹೋಗುತ್ತೆ. ಒಳಗೇ ಕೆಫೆ ಇದೆ. ನಾವು ಮಾತ್ರ ಡಬ್ಬಿಯಲ್ಲಿ ಚಿತ್ರಾನ್ನ ತಗೊಂಡು ಹೋಗಿ ಹೊರಗೆ ನದಿ ಕಡೆ ಬೆಂಚಿನ ಮೇಲೆ ಕೂತು ತಿಂದೆವು. ಎರಡು ಸಿನಿಮಾ ನಡುವೆ ಬಿಡುವು ಸಿಕ್ಕರೆ ಬ್ಲಾಕ್ (Blaak) ಸ್ಟೇಷನ್ ಕಡೆ ಹೋಗಿ 1980ರ ದಶಕದ ಆ ಓರೆ ಹಳದಿ ಪೆಟ್ಟಿಗೆ ಮನೆಗಳನ್ನು ನೋಡಿ. ಒಂದನ್ನು ಒಳಗಿನಿಂದಲೂ ನೋಡೋಕೆ ಬಿಡ್ತಾರೆ. ಸೋಫಾ ಎಲ್ಲಿ ಇಡಬೇಕು ಅಂತ ನಾನು ನನ್ನ ಹೆಂಡತಿ ಅಲ್ಲಿ ಹತ್ತು ನಿಮಿಷ ಚರ್ಚೆ ಮಾಡಿದೆವು, ಇನ್ನೂ ತೀರ್ಮಾನ ಆಗಿಲ್ಲ.