ಮೈಸೂರಿನ ಪ್ರಸಂಗ ತರಬೇತಿ: ಹೊಸ ಫಾದರ್‌ಗಳು ಹೋಗಬಹುದಾ?

ಹೊಸದಾಗಿ ಗುರುದೀಕ್ಷೆ ಪಡೆದವರಿಗೆ ಮೈಸೂರಿನ ಒಂದು ಧ್ಯಾನಕೇಂದ್ರದಲ್ಲಿ ಪ್ರಬೋಧನೆಯ ತರಬೇತಿ ನಡೆಯುತ್ತದೆ. ಪ್ರಬೋಧನೆ ಅಂದರೆ ಪೂಜೆಯಲ್ಲಿ ಬೈಬಲ್ ಓದಿದ ಮೇಲೆ ಗುರುಗಳು ಜನರಿಗೆ ಮಾಡುವ ಉಪದೇಶ. ನಮ್ಮ ಜನರ ಬಾಯಲ್ಲಿ ಅದು ಪ್ರಸಂಗ, ನಾನೂ ಹಾಗೇ ಬರೆಯುತ್ತೇನೆ. ತರಗತಿ ಸೋಮವಾರ ಮಾತ್ರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಸಹಾಯಕ ಗುರು. ಹೋಗಬೇಕಾ ಬೇಡವಾ ಅಂತ ಜೊತೆಯವರು ಕೇಳುತ್ತಿದ್ದಾರೆ. ನನ್ನ ಉತ್ತರ: ಹೋಗಿ. ಕೊರತೆಗಳಿವೆ, ಅವನ್ನೂ ಬರೆಯುತ್ತೇನೆ. ಆದರೆ ಅಲ್ಲಿರುವ ಕೇಳುಗರ ಬೆಂಚು ಬೇರೆಲ್ಲೂ ನನಗೆ ಸಿಕ್ಕಿಲ್ಲ. ಬರೀ ಅದಕ್ಕಾಗಿಯಾದರೂ ಹೋಗಬೇಕು.

ಗುರುಗಳಾಗಲು ಓದುವ ಸೆಮಿನರಿಯಲ್ಲಿ ನಾವೆಲ್ಲ ಪ್ರಸಂಗ ಮಾಡಿ ಅಭ್ಯಾಸ ಮಾಡಿದವರೇ. ಆದರೆ ಅಲ್ಲಿ ಕೇಳುವವರು ಯಾರು? ಪ್ರೊಫೆಸರ್ ಫಾದರ್‌ಗಳು ಮತ್ತು ನಮ್ಮ ಹಾಗೇ ಓದುತ್ತಿರುವ ಬ್ರದರ್‌ಗಳು. ದೈವಶಾಸ್ತ್ರ ಸರಿ ಇದೆಯಾ, ಶುಭಸಂದೇಶದ ಹಿನ್ನೆಲೆ ಬಂತಾ ಅಂತ ಅವರು ನೋಡುತ್ತಾರೆ. ಅದು ಬೇಕೇ ಬೇಕು. ಆದರೆ ಭಾನುವಾರ ನಮ್ಮ ಮುಂದೆ ಕೂರುವವರು ಅವರಲ್ಲವಲ್ಲ.

ಈ ತರಬೇತಿಯಲ್ಲಿ ಗೋಡೆ ಪಕ್ಕದ ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ. ಯಾರೂ ಗುರುಗಳಲ್ಲ. ನಮ್ಮ ತಂಡಕ್ಕೆ ಬಂದವರಲ್ಲಿ ಒಬ್ಬರು ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಮಾರುವವರು. ಇನ್ನೊಬ್ಬರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಪಿಯುಸಿ ಓದುವ ಒಬ್ಬ ಹುಡುಗಿ. ಗಾರೆ ಕೆಲಸಕ್ಕೆ ಹೋಗುವ ಒಬ್ಬರು ಅಮ್ಮ. ಅವರ ಕೈಯಲ್ಲಿ ಪೆನ್ನಿಲ್ಲ, ಪೇಪರಿಲ್ಲ, ಅಂಕ ಹಾಕುವ ಕೆಲಸವೂ ಇಲ್ಲ. ಪ್ರಸಂಗ ಮುಗಿದ ಮೇಲೆ ತರಬೇತಿ ಕೊಡುವ ಹಿರಿಯ ಫಾದರ್ ಒಂದೇ ಪ್ರಶ್ನೆ ಕೇಳುತ್ತಾರೆ: "ಫಾದರ್ ಏನು ಹೇಳಿದರು?" ಚೆನ್ನಾಗಿತ್ತಾ, ಇಲ್ಲವಾ ಅಂತ ಕೇಳುವುದಿಲ್ಲ. ಏನು ಹೇಳಿದರು, ಅಷ್ಟೇ. ನಾಲ್ವರೂ ಒಂದೊಂದು ವಾಕ್ಯದಲ್ಲಿ ಹೇಳಬೇಕು. ನಾಲ್ಕೂ ವಾಕ್ಯ ಒಂದೇ ಕಡೆ ತಿರುಗಿದರೆ ಪ್ರಸಂಗ ತಲುಪಿದೆ. ನಾಲ್ಕು ದಿಕ್ಕಿಗೆ ಹೋದರೆ ಫಾದರ್ ನಾಲ್ಕು ವಿಷಯ ಮಾತಾಡಿದ್ದಾರೆ ಅಂತ ಅರ್ಥ.

ಒಂದು ಸೋಮವಾರ ಕೊಡಗಿನಿಂದ ಬಂದ ಗೆಳೆಯರೊಬ್ಬರು ಸಂತ ಮತ್ತಾಯರ 20ನೇ ಅಧ್ಯಾಯ ತೆಗೆದುಕೊಂಡರು. ಯೇಸು ಹೇಳಿದ, ದ್ರಾಕ್ಷಿ ತೋಟದ ಕೂಲಿಯಾಳುಗಳ ಸಾಮತಿ, ಅಂದರೆ ದೃಷ್ಟಾಂತ ಕಥೆ. ಬೆಳಿಗ್ಗೆ ಬಂದವನಿಗೂ ಒಂದು ದೀನಾರ, ಹೊತ್ತು ಮುಳುಗುವ ಮುಂಚೆ ಬಂದವನಿಗೂ ಒಂದು ದೀನಾರ. ಗೆಳೆಯರು ಚೆನ್ನಾಗಿ ಓದಿಕೊಂಡಿದ್ದರು. ಮೊದಲು ಕರೆಯಲ್ಪಟ್ಟ ಇಸ್ರಯೇಲರು, ಆಮೇಲೆ ಬಂದ ಅನ್ಯಜನರು, ದೇವರ ಧಾರಾಳ ಕೃಪೆ ಎಲ್ಲವೂ ಬಂತು. ತಪ್ಪು ಅನ್ನುವಂಥದ್ದು ಒಂದೂ ಇರಲಿಲ್ಲ.

ಬೆಂಚು ಸುಮ್ಮನಿತ್ತು. ಕಾರ್ಖಾನೆಯಲ್ಲಿದ್ದ ಹಿರಿಯರು ಸ್ವಲ್ಪ ಹೊತ್ತಾದ ಮೇಲೆ, "ದಿನವೆಲ್ಲ ದುಡಿದವನಿಗೆ ಅನ್ಯಾಯ ಆಯ್ತಲ್ಲ ಫಾದರ್, ಅದಕ್ಕೆ ನೀವು ಉತ್ತರ ಹೇಳಲಿಲ್ಲ" ಅಂದರು. ಯೂನಿಯನ್ ಕಂಡವರ ಮಾತು ಅದು. ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ಆಗ ಗಾರೆ ಕೆಲಸದ ಅಮ್ಮ ತಲೆ ಎತ್ತಿದರು. ಅವರು ಬೆಳಿಗ್ಗೆ ಕೂಲಿಗೆ ಕರೆಯುವವರಿಗಾಗಿ ರಸ್ತೆ ಬದಿಯಲ್ಲಿ ಕಾದು ನಿಲ್ಲುವವರು. "ಸಂಜೆಗಂಟ ನಿಂತಿದ್ದೋನ್ಗೂ ಹೊಟ್ಟೆ ಇರ್ತದಲ್ವಾ ಸ್ವಾಮಿ? ಅಂವ ಸುಮ್ನೆ ಕುಂತಿರ್ಲಿಲ್ಲ. ಯಾರೂ ಕರೀನಿಲ್ಲ ಅಷ್ಟೆ."

ಹಾಲ್‌ನಲ್ಲಿದ್ದ ನಾವೆಲ್ಲ ಬೈಬಲ್ ತೆರೆದೆವು. ಏಳನೇ ವಚನದಲ್ಲಿ ಅದೇ ಇದೆ. ಯಾಕೆ ಇಲ್ಲೇ ನಿಂತಿದ್ದೀರಿ ಅಂತ ಯಜಮಾನ ಕೇಳಿದಾಗ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ ಅವರು. ವ್ಯಾಖ್ಯಾನ ಗ್ರಂಥಗಳಲ್ಲಿ ಈ ಮಾತನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ಆ ಅಮ್ಮ ಆ ಜಾಗದಲ್ಲೇ ನಿಂತವರು.

ಊಟದ ಹೊತ್ತಲ್ಲಿ ಗೆಳೆಯರು ಇನ್ನೊಂದು ಪ್ರಸಂಗ ಬರೆದರು. ಮಧ್ಯಾಹ್ನ ಅದೇ ಸಾಮತಿ, ಆದರೆ ಶುರುವಾಗಿದ್ದು ಏಳನೇ ವಚನದಿಂದ. ಇಸ್ರಯೇಲರು, ಅನ್ಯಜನರ ಭಾಗ ಒಂದೇ ವಾಕ್ಯಕ್ಕೆ ಇಳಿಯಿತು. ಹಿರಿಯರು ಎತ್ತಿದ ಅನ್ಯಾಯದ ಪ್ರಶ್ನೆಯನ್ನು ಅವರು ತಪ್ಪಿಸಿಕೊಳ್ಳದೆ ನೇರವಾಗಿ ಎದುರಿಸಿದರು. ಬೆಂಚಿನ ನಾಲ್ವರೂ ಈ ಸಲ ಒಂದೇ ಮಾತು ಹೇಳಿದರು: ದೇವರು ಕೂಲಿ ಲೆಕ್ಕ ಹಾಕಲ್ಲ, ಹಸಿವು ನೋಡುತ್ತಾನೆ. ನಮ್ಮ ಭಾನುವಾರದ ವಾಚನಗಳು, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳು, ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. 1969ರಿಂದ ಇದೇ ಕ್ರಮ. ಅಂದರೆ ಈ ಸಾಮತಿ ಭಾನುವಾರದ ಜನಕ್ಕೆ ಇನ್ನೊಮ್ಮೆ ಸಿಗಲು ಮೂರು ವರ್ಷ ಬೇಕು. ಕಬ್ಬು ಕಡಿಯುವವರಿರುವ ಊರಲ್ಲಿ ಆ ಒಂದು ಭಾನುವಾರವನ್ನು ಕಳೆದುಕೊಳ್ಳಬಾರದು.

ಪೋಪ್ ಫ್ರಾನ್ಸಿಸ್ 2013ರಲ್ಲಿ ಹೊರಡಿಸಿದ 'ಎವಾಂಜೆಲಿ ಗೌದಿಯುಂ' ಪತ್ರದಲ್ಲಿ 135ರಿಂದ 159ರವರೆಗಿನ ಪ್ಯಾರಾಗಳು ಪ್ರಸಂಗದ ಬಗ್ಗೆಯೇ ಇವೆ. ಬೋಧಕ ದೇವರ ವಾಕ್ಯವನ್ನು ಧ್ಯಾನಿಸಿದ ಹಾಗೆ ತನ್ನ ಜನರನ್ನೂ ಧ್ಯಾನಿಸಬೇಕು ಅನ್ನುವುದು ಅಲ್ಲಿನ ಒಂದು ಮುಖ್ಯ ಮಾತು. ಸೆಮಿನರಿಯಲ್ಲಿ ಅದನ್ನು ಓದಿ, ಅಡಿಗೆರೆ ಎಳೆದು, ಪರೀಕ್ಷೆಯಲ್ಲೂ ಬರೆದಿದ್ದೆ. ಅದನ್ನು ಹೇಗೆ ಮಾಡುವುದು ಅಂತ ತೋರಿಸಿದ್ದು ಈ ಬೆಂಚು.

ಬರವಣಿಗೆಯ ತರಗತಿಯೂ ಒಳ್ಳೆಯದು. ಅದನ್ನು ನಡೆಸುವವರು ಕನ್ನಡ ಉಪನ್ಯಾಸಕಿಯಾಗಿ ನಿವೃತ್ತರಾದ ಒಬ್ಬರು ಮೇಡಂ. ಒಳ್ಳೆಯ ಪ್ರಸಂಗದಲ್ಲಿ ಒಂದು ವಿಚಾರ, ಒಂದು ಭಾವ, ಒಂದು ಚಿತ್ರ ಇರಬೇಕು ಅಂತ ಅದೇ ಪತ್ರದಲ್ಲಿದೆ. ಮೇಡಂ ಇದನ್ನು ಕೆಲಸಕ್ಕೆ ಇಳಿಸುತ್ತಾರೆ. ಹಾಳೆಯ ತುದಿಯಲ್ಲಿ ಮೊದಲು ಒಂದೇ ವಾಕ್ಯ ಬರೆಯಬೇಕು: ಇವತ್ತು ನಾನು ಹೇಳುವುದು ಇದು. ಆ ವಾಕ್ಯ ಸಿಗುವ ತನಕ ಮುಂದೆ ಬರೆಯಲು ಬಿಡುವುದಿಲ್ಲ. ಆಮೇಲೆ ಪ್ರತಿ ಸಾಲನ್ನೂ ಬಾಯಲ್ಲಿ ಜೋರಾಗಿ ಹೇಳಿಕೊಂಡೇ ಬರೆಯಬೇಕು. ಉಸಿರು ಸಾಲದ ವಾಕ್ಯವನ್ನು ಅಲ್ಲೇ ಮುರಿಯಬೇಕು.

ಅವರು ತೋರಿಸಿದ ಇನ್ನೊಂದು ವಿಷಯ ಕನ್ನಡದಲ್ಲಿ ಪ್ರಸಂಗ ಮಾಡುವ ಎಲ್ಲರಿಗೂ ಬೇಕು. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಅನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಬಹಳ ಜನ ಬೋಧಕರ ಧ್ವನಿ ವಾಕ್ಯದ ಕೊನೆಯಲ್ಲೇ ಇಳಿಯುತ್ತದೆ. "ದೇವರು ನಮ್ಮನ್ನು ಕೈಬಿಡುವುದಿಲ್ಲ" ಅನ್ನುವುದರ ಕೊನೆ ನುಂಗಿಹೋದರೆ ಹಿಂದಿನ ಸಾಲಿನ ಅಜ್ಜಿಗೆ ಕೇಳುವುದು ಏನು? ಕೈಬಿಡು ಅನ್ನುವಷ್ಟೇ. ಕಷ್ಟದಲ್ಲಿ ಬಂದು ಕೂತಿರುವವರಿಗೆ ಇದು ಚಿಕ್ಕ ವಿಷಯವಲ್ಲ.

ಪ್ರಸಂಗ ಎಂಟು ನಿಮಿಷ ಮೀರಬಾರದು ಅಂತ ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಹೇಳಿದ್ದರು. ಇಲ್ಲಿ ಗಡಿಯಾರ ಇಟ್ಟು ಅದನ್ನು ಪಾಲಿಸುತ್ತಾರೆ. ಅಕ್ಷರ ದೊಡ್ಡದಾಗಿರಲಿ, ಹಾಳೆಯ ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಿ ಅನ್ನುವಂಥ ಸಲಹೆಗಳೂ ಸಿಗುತ್ತವೆ. ಕೆಳಗಿನ ತನಕ ಅಕ್ಷರ ತುಂಬಿದ್ದರೆ ತಲೆ ಬಗ್ಗುತ್ತದೆ, ಜನರ ಮುಖ ಕಾಣುವುದಿಲ್ಲ. ಮೈಕ್ ಬಗ್ಗೆ ಹೇಳಿದ್ದು ಸ್ವಲ್ಪವೇ, ಆದರೆ ಸಾಕು. ಸಂತ ಫಿಲೋಮಿನಾ ಚರ್ಚಿನಂಥ ಎತ್ತರದ ಚಾವಣಿಯ ಕೆಳಗೆ ಧ್ವನಿ ತಿರುಗಿ ಬರುತ್ತದೆ, ಅಲ್ಲಿ ನಿಲ್ಲಿಸಿ ನಿಲ್ಲಿಸಿ ಮಾತಾಡಬೇಕು. ನಮ್ಮ ಹಳ್ಳಿಯ ಚಿಕ್ಕ ಚರ್ಚುಗಳಲ್ಲಿ ವಾಲ್ಯೂಮ್ ಇಳಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇನ್ನು ಕೊರತೆಗಳು. ಕೊಡುವ ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿದೆ. ಅದರಲ್ಲಿರುವ ಮಾದರಿ ಪ್ರಸಂಗಗಳೂ ಹೊರದೇಶದವು. ಹಿಮ ಬೀಳುವ ಊರಿನ ಕಥೆ ನಮ್ಮ ಮಳವಳ್ಳಿ, ಕೊಳ್ಳೇಗಾಲದ ಕಡೆ ಯಾವ ಕೆಲಸಕ್ಕೆ ಬರುತ್ತದೆ? ಇಷ್ಟು ಒಳ್ಳೆಯ ಕನ್ನಡ ಮೇಡಂ ಇರುವಾಗ ಕನ್ನಡದಲ್ಲೇ ಒಂದು ಪುಸ್ತಿಕೆ ಮಾಡಿಸಬಹುದಿತ್ತು. ಮೈಸೂರು ಧರ್ಮಕ್ಷೇತ್ರಕ್ಕೆ, ಅಂದರೆ ಇಲ್ಲಿನ ಬಿಷಪ್ಪರ ಆಡಳಿತದ ಪ್ರದೇಶಕ್ಕೆ, ಮಂಡ್ಯ, ಚಾಮರಾಜನಗರ, ಕೊಡಗು ಎಲ್ಲವೂ ಸೇರುತ್ತವೆ. ತಮಿಳು ಮನೆಮಾತಿನ ಜನರ ನಡುವೆ ಕೆಲಸ ಮಾಡುವವರೂ ನಮ್ಮ ತಂಡದಲ್ಲಿದ್ದರು. ಅವರಿಗೆ ಅಂತ ಏನೂ ಇರಲಿಲ್ಲ. ವಿಡಿಯೋ ತೆಗೆದು ತೋರಿಸುವ ಭಾಗವನ್ನು ಕೊನೆಯ ಗಂಟೆಗೆ ತುರುಕಿದ್ದಾರೆ. ಅರ್ಧ ಜನರ ವಿಡಿಯೋ ನೋಡುವಷ್ಟರಲ್ಲಿ ಸಮಯ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಕೊರತೆ ಸಾವಿನ ಮನೆಯ ಪ್ರಸಂಗ. ಅದರ ಬಗ್ಗೆ ಒಂದು ತರಗತಿಯೂ ಇಲ್ಲ. ನಮ್ಮ ಊರುಗಳಲ್ಲಿ ಅಂತ್ಯಕ್ರಿಯೆಯ ಪೂಜೆಗೆ ಇಡೀ ಹಳ್ಳಿ ಬರುತ್ತದೆ. ಚರ್ಚಿನ ಒಳಗೆ ಎಂದೂ ಕಾಲಿಡದ ನೆರೆಯವರು, ಸಂಘದವರು, ಜೊತೆ ದುಡಿದವರು ಎಲ್ಲರೂ ಇರುತ್ತಾರೆ. ಅವತ್ತು ಚಿಕ್ಕ ಪ್ರಸಂಗ ಇರಬೇಕು, ಆದರೆ ಸತ್ತವರ ಗುಣಗಾನ ಆಗಬಾರದು ಅಂತ ಪೂಜಾವಿಧಿಯ ನಿಯಮ ಹೇಳುತ್ತದೆ. ಆದರೆ ಮನೆಯವರು ಅವರ ಹೆಸರನ್ನು, ಅವರ ಬದುಕನ್ನು ಕೇಳಲು ಕಾಯುತ್ತಿರುತ್ತಾರೆ. ಎರಡನ್ನೂ ಉಳಿಸಿಕೊಂಡು ಪುನರುತ್ಥಾನದ ಮಾತು ಆಡುವುದು ಹೇಗೆ? ತಯಾರಿಗೆ ಇರುವುದು ಒಂದು ರಾತ್ರಿ, ಕೆಲವು ಸಲ ಅದೂ ಇಲ್ಲ. ಹೊಸ ಗುರುವಿಗೆ ಇದಕ್ಕಿಂತ ಕಷ್ಟದ ಪ್ರಸಂಗ ಇನ್ನೊಂದಿಲ್ಲ. ನಡೆಸುವವರಿಗೆ ಇದನ್ನು ಪತ್ರ ಬರೆದು ತಿಳಿಸಿದ್ದೇನೆ. ಮುಂದಿನ ತಂಡದಲ್ಲಿ ಇದಕ್ಕೆ ಒಂದು ಪೂರ್ತಿ ದಿನ ಇಡಬೇಕು. ಬೆಂಚಿನ ಮೇಲೆ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಒಬ್ಬರಾದರೂ ಇರಬೇಕು, ಅವರಿಗೆ ಒಪ್ಪಿಗೆ ಇದ್ದರೆ.

ಶುಲ್ಕ ಜಾಸ್ತಿ ಇಲ್ಲ, ಊಟ ಅದರಲ್ಲೇ ಸೇರಿದೆ. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ರುಚಿ ಚೆನ್ನಾಗಿದೆ. ಸೋಮವಾರ ಇಟ್ಟಿರುವುದು ಸರಿಯಾದ ತೀರ್ಮಾನ. ಶನಿವಾರ ಇಟ್ಟಿದ್ದರೆ ಧರ್ಮಕೇಂದ್ರ ಬಿಟ್ಟು ಬರುವುದಕ್ಕೇ ಆಗುತ್ತಿರಲಿಲ್ಲ. ಮಂಡ್ಯದ ಕಡೆಯವರಿಗೆ ರೈಲೂ ಇದೆ, ಬಸ್ಸೂ ಇದೆ. ಹಾಲ್‌ನಲ್ಲಿ ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ, ಅದಕ್ಕೇ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಧರ್ಮೋಪದೇಶ ಕಲಿಸುವ ಉಪದೇಶಿಗಳನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಒಬ್ಬರು ಕೇಳಿದ್ದರು. ಸದ್ಯಕ್ಕೆ ಗುರುಗಳು ಮತ್ತು ಉಪಯಾಜಕರಿಗೆ (ಗುರುಗಳಿಗಿಂತ ಒಂದು ಹಂತ ಕೆಳಗಿನ ದೀಕ್ಷೆ ಪಡೆದ ಡೀಕನ್‌ಗಳಿಗೆ) ಮಾತ್ರ. ಹೋಗುವಾಗ ನೀವು ಈಗಾಗಲೇ ನಿಮ್ಮ ಜನರ ಮುಂದೆ ಮಾಡಿರುವ ಒಂದು ಪ್ರಸಂಗವನ್ನು ಬರೆದು ತೆಗೆದುಕೊಂಡು ಹೋಗಿ. ಹೊಸದು ಬೇಡ. ಮೊದಲ ದಿನವೇ ಅದನ್ನು ಬೆಂಚಿನ ಮುಂದೆ ಓದಿಸುತ್ತಾರೆ.