ವೀಸಾದಲ್ಲಿದ್ದೀರಾ? ಬೇಟೆ ಲಾಡ್ಜಿನವರು ಕೊಟ್ಟ ಕೋವಿ ಮುಟ್ಟುವ ಮೊದಲು ಇದನ್ನು ಓದಿ

ಫೆಸೆಂಟ್ (ಕಾಡುಕೋಳಿಯ ಜಾತಿಯ ಹಕ್ಕಿ) ಬೇಟೆಗೆ ಅಮೆರಿಕದ ಸೌತ್ ಡಕೋಟಾ ರಾಜ್ಯದ ಹಳ್ಳಿ ಲಾಡ್ಜುಗಳತ್ತ ಹೊರಟಿರುವವರು, ಅದರಲ್ಲೂ ಕೆಲಸಕ್ಕೋ ಓದಿಗೋ ಬಂದ ಎಚ್-1ಬಿ, ಎಲ್-1, ಎಫ್-1 ವೀಸಾದವರು, ಮುಂಗಡ ಕಟ್ಟುವ ಮೊದಲು ಸ್ವಲ್ಪ ನಿಲ್ಲಿ.

ನಮ್ಮ ಜೊತೆ ಬಂದ ಗೆಳೆಯ ಕೊಡವ, ಎಚ್-1ಬಿಯಲ್ಲಿದ್ದಾನೆ. ಊರಲ್ಲಿ ಕೊಡವರ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಹಾಗಾಗಿ ಲಾಡ್ಜಿನವರು ಫೋನಿನಲ್ಲಿ "ನಮ್ಮದೇ ಜಮೀನು, ಲೈಸೆನ್ಸ್ ಗಿಯ್ಸೆನ್ಸ್ ಬೇಡ, ಎಲ್ಲಾ ನಾವು ನೋಡ್ಕೋತೀವಿ" ಅಂದಾಗ ಅವನಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ಬೆಳಿಗ್ಗೆ ತಿಂಡಿ ಮುಗಿಯುತ್ತಲೇ ಬಾಡಿಗೆ ಕೋವಿ ತಂದರು. ಪಕ್ಕದ ಮೇಜಿನಲ್ಲಿದ್ದ ಹಿರಿಯ ಬೇಟೆಗಾರರೊಬ್ಬರ ಕಿವಿಗೆ ನಮ್ಮ ವೀಸಾ ಮಾತು ಬಿದ್ದಿತ್ತು. ಎದ್ದು ಬಂದು ತಡೆದರು. ಪುಣ್ಯಾತ್ಮ!

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇಂಥ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಇಲ್ಲದೆ ಸಿಕ್ಕಿಬಿದ್ದರೆ, 2022ರ ತಿದ್ದುಪಡಿಯ ನಂತರ 15 ವರ್ಷದವರೆಗೆ ಜೈಲು. ವೀಸಾ ಕಥೆ ಬೇರೆ ಹೇಳಬೇಕೇ? ಗ್ರೀನ್ ಕಾರ್ಡಿನವರಿಗೆ ಈ ನಿರ್ಬಂಧವಿಲ್ಲ, ಆದರೆ ಬೇಟೆ ಲೈಸೆನ್ಸ್ ಅವರಿಗೂ ಬೇಕು. ಸೌತ್ ಡಕೋಟಾದಲ್ಲಿ ಸಾಕಿದ ಹಕ್ಕಿ ಬಿಟ್ಟು ಆಡಿಸುವ ಖಾಸಗಿ ಬೇಟೆ ತಾಣಗಳಿಗೂ ಹೊರರಾಜ್ಯದವರು ಲೈಸೆನ್ಸ್ ಮಾಡಿಸಲೇಬೇಕು. ಫೋನಿನಲ್ಲೇ ಆಗುವ ಕೆಲಸ. ಗೆಳೆಯ ಅಲ್ಲೇ ಕೂತು ಮಾಡಿಸಿಕೊಂಡ. ಲಾಡ್ಜಿನ ಯಜಮಾನ ಮಾತ್ರ "ಯಾರೂ ಕೇಳಲ್ಲ ಬಿಡಿ" ಎಂದು ನಗುತ್ತಿದ್ದ.

"ಕಾಡು ಹಕ್ಕಿ, ಅವಸರವಿಲ್ಲದ ಬೇಟೆ" ಅನ್ನುವುದು ಅವರ ಜಾಹೀರಾತು. ಹೊರರಾಜ್ಯದವರಿಗೆ ಕಾಡು ಫೆಸೆಂಟ್ ಬೇಟೆ ಶುರುವಾಗುವುದೇ ಅಕ್ಟೋಬರ್ ಮೂರನೇ ಶನಿವಾರ. ದಿನಕ್ಕೆ ಮೂರು ಹುಂಜ, ಹೇಂಟೆ ಹೊಡೆಯುವಂತಿಲ್ಲ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಅಂದಮೇಲೆ ಕಾಡು ಹಕ್ಕಿ ಎಲ್ಲಿಂದ ಬಂತು? ಬಾಲದ ಗರಿ ಮುರಿದ, ಮೂಗಿನ ಹೊಳ್ಳೆಯಲ್ಲಿ ಪಿನ್ನಿನ ಗುರುತಿದ್ದ ಹಕ್ಕಿಗಳವು. ಪಂಜರದಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿಗೆ ಕಣ್ಣುಪಟ್ಟಿ ಸಿಕ್ಕಿಸಿರುತ್ತಾರೆ, ಅದರ ಗುರುತು. ಹಾರಲೂ ಬಾರದ ಎರಡನ್ನು ನಾಯಿ ನೆಲದಲ್ಲೇ ಕಚ್ಚಿ ತಂದಿತು, ಅವೂ ನಮ್ಮ ಲೆಕ್ಕಕ್ಕೇ. ಊಟದ ಹೊತ್ತಿಗೆ ಎಲ್ಲಾ ಮುಗೀತು ಎಂದರು, ಮುಂದಿನ ತಂಡ ಹೊರಗೆ ಕಾಯುತ್ತಿತ್ತು.

ಬಿಲ್ಲಿನಲ್ಲಿ ಹೆಚ್ಚುವರಿ ಹಕ್ಕಿಗೆ ಬೇರೆ, ತೋಟಾಕ್ಕೆ ಬೇರೆ, ಹಕ್ಕಿ ಶುಚಿ ಮಾಡಿದ್ದಕ್ಕೆ ಬೇರೆ. ಇದಾವುದೂ ಫೋನಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

ಹೋಗಲೇಬೇಕೆಂದರೆ ಹಕ್ಕಿ ಬಿಟ್ಟದ್ದೋ ಕಾಡಿನದೋ, ಎಷ್ಟು ಹಕ್ಕಿ ದರದೊಳಗೆ, ಕೋವಿಯ ಜೊತೆ ತೋಟಾ ಸೇರಿದೆಯೋ ಅನ್ನುವುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಲೈಸೆನ್ಸ್ ಮಾತ್ರ ಅವರನ್ನು ಕೇಳಬೇಡಿ, ರಾಜ್ಯದ ಬೇಟೆ ಇಲಾಖೆಯ ವೆಬ್‌ಸೈಟಿನಲ್ಲಿ ನೀವೇ ಮಾಡಿಸಿ, ಅದರ ನಕಲು ಜೇಬಿನಲ್ಲಿರಲಿ.